ಗುಜರಿಯಲ್ಲಿ ಸಿಕ್ಕ ಹತ್ತರಿ: ಹಳೇ ಕೈ ಉಪಕರಣಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಳೇ ಕೈ ಉಪಕರಣ ಕೊಂಡು ಮಾರುವುದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಹತ್ತು ಬಂದರೆ ಹೆಚ್ಚು ಅಂದುಕೊಂಡಿದ್ದೆ, ಚೀಲ ತುಂಬ ಬಂದಿವೆ. ಅರ್ಧಕ್ಕರ್ಧ ಜನ ಕೇಳಿರುವುದು ಒಂದೇ: "ನನ್ನ ಹತ್ತಿರ ಇರುವುದಕ್ಕೆ ಎಷ್ಟು ಸಿಗುತ್ತದೆ?" ಫೋಟೋ ನೋಡಿ ಬೆಲೆ ಹೇಳುವುದು ಕವಡೆ ಹಾಕಿದ ಹಾಗೆ. ಆದರೆ ವಸ್ತುವನ್ನು ಕೈಯಲ್ಲಿ ಹಿಡಿದಾಗ ಏನು ನೋಡಬೇಕು ಅಂತ ಹೇಳಬಲ್ಲೆ. ಹದಿನೆಂಟು ವರ್ಷದಿಂದ ಇದೇ ಗೀಳು ನನಗೆ. ಲಾಭಕ್ಕಿಂತ ಪೆಟ್ಟು ತಿಂದಿದ್ದೇ ಜಾಸ್ತಿ, ಆ ಕತೆಗಳೂ ನಡುನಡುವೆ ಬರುತ್ತವೆ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ 900 ರೂಪಾಯಿಗೆ ಸ್ಟ್ಯಾನ್ಲಿ 4ನೇ ನಂಬರ್ ಹತ್ತರಿ (ಮರ ಹೆರೆದು ನಯ ಮಾಡುವ ಉಪಕರಣ) ಕೊಂಡೆ. ಒಳಗೆ ಮೂರು ತಾರೀಕು ಅಚ್ಚಾಗಿವೆ, ಎರಡು 1902ರವು, ಒಂದು 1910ರದು. ಅಲಗಿನ ಮೇಲೆ ಹೃದಯದ ಚಿತ್ರ, ಅದರೊಳಗೆ ಎಸ್, ಡಬ್ಲ್ಯು ಅಂತ ಎರಡು ಅಕ್ಷರ. "ನೂರಿಪ್ಪತ್ತು ವರ್ಷ ಹಳೆಯದು, ಲಕ್ಷಕ್ಕೆ ಹೋಗುತ್ತದೆ" ಅನ್ನುತ್ತಾನೆ ಗೆಳೆಯ. ನಿಜವಾ? (ತುಮಕೂರು)

ಗೆಳೆಯನಿಗೆ ಒಂದು ಕಾಫಿ ಕುಡಿಸಿ ಸಮಾಧಾನ ಹೇಳಿ. ಲಕ್ಷ ಬರುವುದಿಲ್ಲ. ಆದರೆ 900ಕ್ಕೆ ನೀವು ಮೋಸವನ್ನೂ ಹೋಗಿಲ್ಲ.

ಆ ತಾರೀಕುಗಳು ಹತ್ತರಿ ತಯಾರಾದ ದಿನಗಳಲ್ಲ, ಪೇಟೆಂಟ್ ಸಿಕ್ಕ ದಿನಗಳು. ಇದನ್ನು ತಪ್ಪಾಗಿ ಓದದವರೇ ಇಲ್ಲ, ನಾನೂ ಓದಿದ್ದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಲೆನರ್ಡ್ ಬೈಲಿ ಅನ್ನುವವನಿಂದ ಹತ್ತರಿಯ ಪೇಟೆಂಟುಗಳನ್ನು ಕೊಂಡಿತು. ಆಮೇಲೆ ಎಷ್ಟೋ ದಶಕ ಅದೇ ಮಾದರಿಯನ್ನು ಸಣ್ಣಪುಟ್ಟ ಬದಲಾವಣೆ ಮಾಡುತ್ತಾ ತಯಾರಿಸಿತು. ಆ ಸಣ್ಣಪುಟ್ಟ ಬದಲಾವಣೆಗಳೇ ನಮಗೆ ಜಾತಕ. ಅಲಗಿನ ಹಿಂದೆ ಮೂರು ತಾರೀಕು ಇದ್ದರೆ ಅದು ಹೆಚ್ಚುಕಡಿಮೆ 1910ರಿಂದ 1918ರ ಒಳಗಿನದು. 1910ರ ಒಂದೇ ತಾರೀಕು ಇದ್ದರೆ ಅದರ ಮುಂದಿನ ಐದಾರು ವರ್ಷದ್ದು. ಹಾಗಾಗಿ ನಿಮ್ಮ ಹತ್ತರಿಯ ಮೈ ನೂರು ದಾಟಿದೆ, ನೂರಿಪ್ಪತ್ತು ಆಗಿಲ್ಲ.

ಈಗ ಅಲಗಿಗೆ ಬನ್ನಿ. ಆ ಹೃದಯದ ಗುರುತು ಬಂದಿದ್ದು 1920ರಲ್ಲಿ, ಹತ್ತರಿ ಮಾಡುತ್ತಿದ್ದ ಕಂಪನಿ ಸ್ಟ್ಯಾನ್ಲಿ ವರ್ಕ್ಸ್ ಅನ್ನುವ ಇನ್ನೊಂದು ಕಂಪನಿ ಜೊತೆ ಸೇರಿದ ಮೇಲೆ. ಎಸ್, ಡಬ್ಲ್ಯು ಅಂದರೆ ಸ್ಟ್ಯಾನ್ಲಿ ವರ್ಕ್ಸ್. ಹೃದಯ ಯಾಕೆ ಅಂದರೆ, ಅಲ್ಲಿ ಬಹಳ ಕಾಲ ಅಧ್ಯಕ್ಷರಾಗಿದ್ದವರ ಹೆಸರು ವಿಲಿಯಂ ಹಾರ್ಟ್. ಅಂದರೆ ನಿಮ್ಮ ಮೈ ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು. ಯಾರೋ ಬಡಗಿ ಮೊದಲ ಅಲಗನ್ನು ಮಸೆದು ಮಸೆದು ಸವೆಸಿ, ಹೊಸದು ಹಾಕಿಕೊಂಡಿದ್ದಾನೆ. ಪಾಪ, ಅವನು ಅದರಲ್ಲಿ ಕೆಲಸ ಮಾಡುತ್ತಿದ್ದ, ಪ್ರದರ್ಶನಕ್ಕೆ ಇಟ್ಟಿರಲಿಲ್ಲ.

ಇಲ್ಲೇ ಬೆಲೆಯ ಗುಟ್ಟು ಇರುವುದು. ಹಳೇ ಉಪಕರಣಕ್ಕೆ ಗಿರಾಕಿಗಳು ಎರಡು ಥರ. ಒಬ್ಬ ಸಂಗ್ರಹ ಮಾಡುವವನು. ಅವನಿಗೆ ಮೈ, ಅಲಗು, ಹಿಡಿ, ಕೊನೆಗೆ ತಿರುಪು ಕೂಡ ಒಂದೇ ಕಾಲದ್ದಾಗಿರಬೇಕು, ಕಪ್ಪು ಬಣ್ಣ ಎಷ್ಟು ಪಾಲು ಉಳಿದಿದೆ ಅಂತ ಲೆಕ್ಕ ಹಾಕುತ್ತಾನೆ. ಇನ್ನೊಬ್ಬ ಕೆಲಸಕ್ಕೆ ಬಳಸುವವನು. ಅಡಿ ಸಪಾಟಾಗಿದೆಯಾ, ಅಲಗಿನಲ್ಲಿ ಉಕ್ಕು ಉಳಿದಿದೆಯಾ, ಅಷ್ಟೇ ಅವನಿಗೆ ಬೇಕು. ಹೃದಯದ ಗುರುತಿನ ಅಲಗು ಅಂದರೆ ಅವನಿಗೆ ಖುಷಿಯೇ, ಉಕ್ಕು ಚೆನ್ನಾಗಿರುತ್ತದೆ. ನಮ್ಮಲ್ಲಿ ಮೊದಲನೇ ಥರದವರು ಬೆರಳೆಣಿಕೆಯಷ್ಟು. ಎರಡನೇ ಥರದವರು ಬೆಂಗಳೂರಿನಲ್ಲಿ ಈಗ ಜಾಸ್ತಿ ಆಗುತ್ತಿದ್ದಾರೆ, ಮುಕ್ಕಾಲು ಪಾಲು ಸಾಫ್ಟ್‌ವೇರ್ ಹುಡುಗರು, ಶನಿವಾರ ಬಂದರೆ ಮರ ಕೆತ್ತಲು ಕೂರುವವರು. ನೀವು ಮಾರಬೇಕಾಗಿರುವುದು ಅವರಿಗೆ. ಚೊಕ್ಕ ಮಾಡಿ, ಅಲಗು ಮಸೆದು, ಒಂದು ತೇಗದ ಹಲಗೆ ಮೇಲೆ ಓಡಿಸಿ ತೋರಿಸಿದರೆ 3500ರಿಂದ 4500ರವರೆಗೆ ಕೊಡುತ್ತಾರೆ. ನಾನು ಕೊನೆಯ ಮೂರು 4ನೇ ನಂಬರ್ ಮಾರಿದ್ದು ಈ ಅಂದಾಜಿನಲ್ಲೇ.

ಹಣ ಇರುವುದು ವಯಸ್ಸಿಗಲ್ಲ, ಕಡಿಮೆ ತಯಾರಾಗಿದ್ದಕ್ಕೆ. 4ನೇ ನಂಬರ್ ಎಲ್ಲ ಬಡಗಿಗಳ ಪೆಟ್ಟಿಗೆಯಲ್ಲೂ ಇತ್ತು. ಅದೇ ಸ್ಟ್ಯಾನ್ಲಿಯ 1ನೇ ನಂಬರ್ ನೋಡಿ, ಐದೂವರೆ ಇಂಚು ಉದ್ದ, ಮಕ್ಕಳ ಆಟಿಕೆ ಥರ. ಅದು ಅಮೆರಿಕದ ಹರಾಜಿನಲ್ಲಿ ಸಾವಿರ ಡಾಲರ್ ದಾಟಿದ್ದುಂಟು. ಅದಕ್ಕೇ ಅದರ ನಕಲಿಗಳೂ ಇವೆ, ಸಿಕ್ಕಿತು ಅಂತ ಕುಣಿಯಬೇಡಿ.

ಒಂದು ಮಾತು, ಕೊಳ್ಳುವ ಮುಂಚೆ ಹತ್ತರಿಯನ್ನು ತಲೆಕೆಳಗೆ ಮಾಡಿ ಅಲಗು ಹೊರಬರುವ ಬಾಯಿಯ ಎರಡೂ ಮೂಲೆ ನೋಡಿ. ಮೈ ಬೀಡು ಕಬ್ಬಿಣದ್ದು, ಕೆಳಗೆ ಬಿದ್ದರೆ ಅಲ್ಲೇ ಸೀಳುತ್ತದೆ. ನಾನು ಒಮ್ಮೆ 1800 ಕೊಟ್ಟು ತಂದದ್ದನ್ನು ಮನೆಯಲ್ಲಿ ಸೀಮೆಎಣ್ಣೆಯಿಂದ ತೊಳೆದರೆ, ಬಿರುಕಿಗೆ ತುಂಬಿದ್ದ ಪುಟ್ಟಿ ಬಳಕ್ಕನೆ ಬಂತು. ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಹೊಸದಾಗಿ ಬಣ್ಣ ಬಳಿದ ಹಳೇ ಉಪಕರಣ ಕಂಡರೆ ಈಗ ನನಗೆ ಮೊದಲು ಅನುಮಾನ, ಆಮೇಲೆ ನಮಸ್ಕಾರ.

ಅದೇ ಬಜಾರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ರೆಕಾರ್ಡ್ ಹತ್ತರಿಗಳೂ ಸಿಗುತ್ತವೆ. ಅವು 1931ರಿಂದ ಬಂದವು, ಸ್ಟ್ಯಾನ್ಲಿ ನಂಬರಿನ ಎಡಗಡೆ ಒಂದು ಸೊನ್ನೆ ಸೇರಿಸಿದ್ದಾರೆ. 04 ಅಂದರೆ ನಮ್ಮ 4ನೇ ನಂಬರೇ. ಹೆಸರು ಗೊತ್ತಿಲ್ಲದೆ ಜನ ಬಿಟ್ಟುಹೋಗುತ್ತಾರೆ, ನಾನು ಬಿಡುವುದಿಲ್ಲ.

ಅಜ್ಜನ ಮರಗೆಲಸದ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿತು. ಬಾಚಿ, ಏಳು ಉಳಿ, ಬೈರಿಗೆ, ಮರದ ಕೀಸುಳಿ, ಹಿತ್ತಾಳೆ ಅಡಕತ್ತರಿ, ಜಿಂಕೆ ಕೊಂಬಿನ ಹಿಡಿ ಇರುವ ಒಂದು ಚಾಕು. ಊರಿಗೆ ಬಂದ ವ್ಯಾಪಾರಿ ಎಲ್ಲ ಸೇರಿ 6000 ಕೊಡುತ್ತೇನೆ ಅನ್ನುತ್ತಾನೆ. (ಶಿರಸಿ)

ಪೆಟ್ಟಿಗೆ ಲೆಕ್ಕದಲ್ಲಿ ಕೊಡಬೇಡಿ. "ಎಲ್ಲ ಸೇರಿ" ಅಂದ ಅಂದರೆ ಅದರಲ್ಲಿ ಯಾವುದೋ ಒಂದರ ಮೇಲೆ ಅವನ ಕಣ್ಣು ಬಿದ್ದಿದೆ. ಯಾವುದು ಅಂತ ಹೇಳದಿರುವುದಕ್ಕೇ ಎಲ್ಲ ಸೇರಿ ಅನ್ನುವುದು.

ನನ್ನ ಊಹೆ ಅಡಕತ್ತರಿ. ಹಿತ್ತಾಳೆಯದ್ದು, ಗಿಳಿಯದೋ ಕುದುರೆಯದೋ ಆಕಾರ ಇದ್ದರೆ ಹೋಂಸ್ಟೇ, ರೆಸಾರ್ಟ್‌ನವರು ಮುಗಿಬೀಳುತ್ತಾರೆ. ಬಾಚಿ, ಬೈರಿಗೆಗಳನ್ನೂ ಅವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ. ನನಗೆ ನೋಡಿದರೆ ಸಂಕಟ, ಆದರೆ ದುಡ್ಡು ಕೊಡುವವರು ಅವರೇ. ಊರಿನ ಕಮ್ಮಾರ ತಿದಿ ಊದಿ ಬಡಿದು ಮಾಡಿದ ಉಪಕರಣದ ಮೇಲೆ ಹೆಸರಿರುವುದಿಲ್ಲ. ಹೆಸರಿಲ್ಲದಿದ್ದರೆ ಸಂಗ್ರಹಗಾರ ಬರುವುದಿಲ್ಲ. ಶೆಫೀಲ್ಡ್‌ನ ಕಳಪೆ ಉಳಿಗೆ ಇರುವ ಬೆಲೆ ನಮ್ಮ ಕಮ್ಮಾರನ ಒಳ್ಳೇ ಬಾಚಿಗೆ ಇಲ್ಲ, ಇದು ನ್ಯಾಯವಲ್ಲ, ಆದರೆ ಹೀಗಿದೆ. ಅದಕ್ಕೇ ಹೇಳುವುದು, ಯಾವ ಕಮ್ಮಾರ ಮಾಡಿದ, ಅಜ್ಜ ಯಾವ ಮನೆಗಳ ಕೆಲಸಕ್ಕೆ ಹೋಗುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ. ನಾಳೆ ಮಾರಿದರೂ, ಮಣಿಪಾಲದ ಹಸ್ತಶಿಲ್ಪಕ್ಕೋ ರಾಮನಗರದ ಜಾನಪದ ಲೋಕಕ್ಕೋ, ಅಂಥ ಒಂದು ಮ್ಯೂಸಿಯಮ್ಮಿಗೆ ಕೊಡುವ ಮನಸ್ಸಾದರೂ, ಆ ಚೀಟಿಗೆ ಉಪಕರಣದಷ್ಟೇ ತೂಕ.

ಉಳಿಗಳ ಮೇಲೆ ಒದ್ದೆ ಬಟ್ಟೆ ಆಡಿಸಿ ನೋಡಿ. "ಕಾಸ್ಟ್ ಸ್ಟೀಲ್" ಅಂತ ಇಂಗ್ಲಿಷಿನಲ್ಲಿ ಛಾಪು ಇದ್ದರೆ "ಬೀಡು, ಕಳಪೆ" ಅಂತ ವ್ಯಾಪಾರಿ ಹೇಳುತ್ತಾನೆ. ಸುಳ್ಳು. ಅದು ಮೂಸೆಯಲ್ಲಿ ಕರಗಿಸಿ ಎರೆದ ಉಕ್ಕು. 1740ರ ದಶಕದಲ್ಲಿ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶುರು ಮಾಡಿದ ವಿಧಾನ. ಆ ಛಾಪು ಹೆಗ್ಗಳಿಕೆಗೆ ಹಾಕುತ್ತಿದ್ದದ್ದು. ಅಂಥ ಉಳಿ ಇದ್ದರೆ ಬೇರೆ ತೆಗೆದಿಡಿ.

ಜಿಂಕೆ ಕೊಂಬಿನ ಚಾಕು ಮಾತ್ರ ಮಾರಬೇಡಿ. ಅಜ್ಜ ಕೊಂಡಾಗ ಯಾರೂ ಕೇಳುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ಕೊಂಬಿನ ವ್ಯಾಪಾರ ಅಪರಾಧ. ದಂತದ ತುಂಡು ಕೂರಿಸಿದ್ದರೂ ಅಷ್ಟೇ. ಜಾಲತಾಣದಲ್ಲಿ ಫೋಟೋ ಹಾಕಿ ಬೆಲೆ ಕೇಳಿದರೂ ಮನೆ ಬಾಗಿಲಿಗೆ ಅರಣ್ಯ ಇಲಾಖೆಯವರು ಬರಬಹುದು.

ನಾವು ಬಾಸ್ಟನ್ ಹತ್ತಿರ ಇದ್ದೇವೆ. ಬ್ರಿಮ್‌ಫೀಲ್ಡ್ ಮೇಳದಲ್ಲಿ ಹಳೇ ಹತ್ತರಿ, ಉಳಿ ರಾಶಿರಾಶಿ ಸಿಗುತ್ತವೆ. ಪ್ರತಿ ವರ್ಷ ಊರಿಗೆ ಬರುವಾಗ ಒಂದಷ್ಟು ತಂದು ಬೆಂಗಳೂರಿನಲ್ಲಿ ಮಾರಿದರೆ ವಿಮಾನದ ಖರ್ಚಾದರೂ ಹುಟ್ಟುತ್ತದಾ? (ಮ್ಯಾಸಚೂಸೆಟ್ಸ್)

ಹೊಟ್ಟೆಕಿಚ್ಚಾಗುತ್ತದೆ ಮಾರಾಯರೇ. ನೀವು ಇರುವುದೇ ಕಣಜದೊಳಗೆ. ಬ್ರಿಮ್‌ಫೀಲ್ಡ್‌ನಿಂದ ನ್ಯೂ ಬ್ರಿಟನ್‌ಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಅಳತೆ ಉಪಕರಣದ ಸ್ಟಾರೆಟ್ ಕಂಪನಿಯ ಊರು ಆಥಾಲ್ ನಿಮ್ಮ ರಾಜ್ಯದಲ್ಲೇ ಇದೆ, ಇನ್ನೊಂದು ಉಪಕರಣ ಕಂಪನಿಗೆ ಹೆಸರು ಕೊಟ್ಟ ಮಿಲ್ಲರ್ಸ್ ಫಾಲ್ಸ್ ಕೂಡ. ಅಲ್ಲಿ ಮುದುಕರು ತೀರಿಕೊಂಡರೆ ನೆಲಮಾಳಿಗೆಯ ಪೆಟ್ಟಿಗೆ ನೇರವಾಗಿ ಮೇಳಕ್ಕೆ ಬರುತ್ತದೆ. 1959ರಲ್ಲಿ ಶುರುವಾದ ಮೇಳ ಅದು. ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ, ಮಂಗಳವಾರದಿಂದ ಭಾನುವಾರದವರೆಗೆ, ಒಂದೊಂದು ಮೈದಾನ ಒಂದೊಂದು ಹೊತ್ತಿಗೆ ತೆರೆಯುತ್ತದೆ. ಯಾವ ಮೈದಾನ ಯಾವ ದಿನ ಅಂತ ನೋಡಿಕೊಂಡು ಬಾಗಿಲು ತೆರೆಯುವಾಗಲೇ ನಿಂತಿರಿ. ಇಲ್ಲವೇ ಭಾನುವಾರ ಮಧ್ಯಾಹ್ನ ಹೋಗಿ, ಆಗ ವ್ಯಾಪಾರಿಗೆ ವಾಪಸ್ ಹೊರುವುದು ಬೇಡವಾಗಿರುತ್ತದೆ. ನಡುವಿನ ದಿನಗಳಲ್ಲಿ ಹೋದರೆ ಬಿಸಿಲು ತಿಂದು ಬರಬಹುದು.

ಈಗ ತೂಕ. 4ನೇ ನಂಬರ್ ಒಂದಕ್ಕೆ ಸುಮಾರು 1.7 ಕಿಲೋ, ಉದ್ದದ 7ನೇ ನಂಬರಿಗೆ ಮೂರೂವರೆ ಕಿಲೋ ಮೀರುತ್ತದೆ. 23 ಕಿಲೋ ಪೆಟ್ಟಿಗೆಯಲ್ಲಿ ಅಮ್ಮನಿಗೆ ತರುವ ಬಾದಾಮಿ, ತಂಗಿಯ ಶಾಂಪೂ ಎಲ್ಲ ತೆಗೆದರೂ ಎಷ್ಟು ತರುತ್ತೀರಿ? ಹಾಗಾಗಿ ದೊಡ್ಡ ಹತ್ತರಿಗಳ ಆಸೆ ಬಿಡಿ. ಹಗುರವಾದದ್ದು, ಬೆಲೆ ಇರುವುದು ತನ್ನಿ. ಸ್ಟಾರೆಟ್ ಮೂಲೆಮಟ್ಟ, ಕ್ಯಾಲಿಪರ್. ಬ್ಲಾಕ್ ಪ್ಲೇನ್ ಅನ್ನುವ ಅಂಗೈ ಅಗಲದ ಪುಟ್ಟ ಹತ್ತರಿ, ಅದು ಮುಕ್ಕಾಲು ಕಿಲೋ ಆಸುಪಾಸು. ರಸೆಲ್ ಜೆನಿಂಗ್ಸ್ ಬೈರಿಗೆ ಅಲಗುಗಳ ಸೆಟ್. ಇಂಥವನ್ನು ಇಲ್ಲಿ ಹೊಸದು ಕೊಳ್ಳಲು ಹೋದರೆ ಕೈ ಸುಡುತ್ತದೆ, ಹಾಗಾಗಿ ಗಿರಾಕಿ ತಾನೇ ಬರುತ್ತಾನೆ. ಎಲ್ಲವನ್ನೂ ಚೆಕ್‌ಇನ್ ಪೆಟ್ಟಿಗೆಯಲ್ಲೇ ಹಾಕಿ, ಕೈಚೀಲದಲ್ಲಿ ಉಳಿ ಇಟ್ಟುಕೊಂಡು ಏರ್‌ಪೋರ್ಟಿನಲ್ಲಿ ಭಾಷಣ ಮಾಡಬೇಡಿ.

ದೊಡ್ಡ ಹತ್ತರಿ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಹಳೇ ಅಮೆರಿಕನ್ ಸ್ಟ್ಯಾನ್ಲಿಯ ಚಂದದ ಕೆಂಗಪ್ಪು ಹಿಡಿ ಬ್ರೆಜಿಲ್ ಬೀಟೆಮರದ್ದು. ಆ ಮರ 1992ರಿಂದ ಸೈಟೀಸ್ ಅನ್ನುವ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ವ್ಯಾಪಾರಕ್ಕೆ ಅಂತ ಗಡಿ ದಾಟಿಸಬೇಕಾದರೆ ಕಾಗದ ಬೇಕು. ಜೊತೆಗೆ ಒಂದೇ ಥರದ ಹತ್ತು ವಸ್ತು ಕಂಡರೆ ಕಸ್ಟಮ್ಸ್‌ನವರು ಅದನ್ನು ಸ್ವಂತ ಸಾಮಾನು ಅಂತ ಒಪ್ಪುವುದಿಲ್ಲ, ಸುಂಕ ಕಟ್ಟಲು ತಯಾರಿರಿ. ಇಷ್ಟೆಲ್ಲ ಆದಮೇಲೆ ಟಿಕೆಟ್ ಖರ್ಚು ಹುಟ್ಟುತ್ತದಾ ಅಂದರೆ, ಇಲ್ಲ. ಊರಿನಲ್ಲಿ ಓಡಾಡುವ ಆಟೋ ಖರ್ಚು ಹುಟ್ಟುತ್ತದೆ.

ಉಲ್ಟಾ ದಾರಿಯ ಬಗ್ಗೆ ಇನ್ನಿಬ್ಬರು ಕೇಳಿದ್ದಾರೆ, ಇಲ್ಲಿಂದ ಹೊರದೇಶಕ್ಕೆ ಮಾರಬಹುದಾ ಅಂತ. 1972ರದ್ದೇ ಇನ್ನೊಂದು ಕಾಯ್ದೆ ಇದೆ, ಪ್ರಾಚ್ಯವಸ್ತುಗಳದ್ದು. ನೂರು ವರ್ಷ ದಾಟಿದ, ಕಲೆ, ಕಸುಬು, ಚರಿತ್ರೆಯ ಗುರುತಾಗಿರುವ ವಸ್ತು ಪ್ರಾಚ್ಯವಸ್ತು ಆಗಬಹುದು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಇಲ್ಲೇ ವ್ಯಾಪಾರ ಮಾಡಲೂ ಪರವಾನಗಿ ಬೇಕು. ಹೌದಾ ಅಲ್ವಾ ಅಂತ ಅನುಮಾನ ಬಂದರೆ ಭಾರತೀಯ ಪುರಾತತ್ವ ಇಲಾಖೆಯವರ ಮಾತೇ ಕೊನೆ. "ಇದು ಪ್ರಾಚ್ಯವಸ್ತು ಅಲ್ಲ" ಅಂತ ಅವರೇ ಪ್ರಮಾಣಪತ್ರ ಕೊಡುತ್ತಾರೆ. ಕಳಿಸುವ ಮುಂಚೆ ಅದನ್ನು ತೆಗೆದುಕೊಳ್ಳಿ. ನೂರರ ಗಡಿ ಪ್ರತಿ ವರ್ಷ ಮುಂದೆ ಸರಿಯುತ್ತದೆ ಅನ್ನುವುದು ನೆನಪಿರಲಿ, ಹೋದ ವರ್ಷ ಸರಿಯಿದ್ದದ್ದು ಈ ವರ್ಷ ಅಲ್ಲದಿರಬಹುದು.

ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವರು ಗುಜರಿಯಿಂದ ಕೊಂಡ ಸುತ್ತಿಗೆ, ಸ್ಪ್ಯಾನರ್‌ಗಳ ಮೇಲೆ ಎಂ, ಎಸ್, ಎಂ, ಆರ್ ಅಂತ ಅಕ್ಷರಗಳಿವೆ. ಬೆಲೆ ಇದೆಯಾ? (ಹುಬ್ಬಳ್ಳಿ)

ಇದೆ. ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆ ಅದು. 1908ರಲ್ಲಿ ಹುಟ್ಟಿ 1951ರ ಏಪ್ರಿಲ್ 14ಕ್ಕೆ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಹಾಗಾಗಿ ಆ ಛಾಪೇ ನಿಮ್ಮ ಸುತ್ತಿಗೆಯ ವಯಸ್ಸು ಹೇಳುತ್ತದೆ. ರೈಲ್ವೆ ವಸ್ತು ಕೂಡಿಡುವವರು ಇದ್ದಾರೆ. ಅವರಿಗೆ ಮೊದಲು ಲಾಂದ್ರ, ಆಮೇಲೆ ಸೀಟಿ, ಬಿಲ್ಲೆ, ಎಲ್ಲಕ್ಕಿಂತ ಕೊನೆಗೆ ಸ್ಪ್ಯಾನರ್.

ಆದರೆ ಕೊಂಡ ರಸೀದಿ ಇದೆಯಾ? ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಮೇಲೆ 1966ರ ಕಾಯ್ದೆ ಒಂದಿದೆ. ಅನುಮಾನ ಬಂದರೆ ಸರಿಯಾದ ದಾರಿಯಲ್ಲಿ ಬಂತು ಅಂತ ತೋರಿಸಬೇಕಾದವರು ನೀವೇ. ಗುಜರಿ ಚೀಟಿ ಹರಿದು ಚಿಂದಿಯಾಗಿದ್ದರೂ ಜೋಪಾನ ಮಾಡಿ. ಚೀಟಿ ಇಲ್ಲದ ರೈಲ್ವೆ ಸಾಮಾನನ್ನು ನಾನಂತೂ ಕೊಳ್ಳುವುದಿಲ್ಲ. ಬಜಾರಿನಲ್ಲಿ ಬೆಳಗಿನ ಜಾವ ಟಾರ್ಚ್ ಬೆಳಕಿನಲ್ಲಿ ಅಗ್ಗಕ್ಕೆ ಸಿಗುವ ಹೊಸ ಉಪಕರಣಕ್ಕೂ ಇದೇ ನಿಯಮ.

ಕಾರ್ಖಾನೆಗಳ ಗುಜರಿ ಇ-ಹರಾಜಿನಲ್ಲಿ ಹಳೇ ಉಪಕರಣ ಟನ್‌ಗಟ್ಟಲೆ ಬರುತ್ತದಂತೆ. ಸೇರಲಾ? (ಕೋಲಾರ)

ನಾನು ಸೇರಿದ್ದೆ. ಫೋಟೋದಲ್ಲಿ ಮರ ಬಿಗಿದು ಹಿಡಿಯುವ ಎಂಟು ಹಳೇ ಬಡಗಿ ವೈಸ್‌ಗಳು ಚೆನ್ನಾಗಿ ಕಾಣುತ್ತಿದ್ದವು. ಒಬ್ಬ ಗುಜರಿಯವನ ಜೊತೆ ಪಾಲು ಹಾಕಿ ಎರಡು ಟನ್ ಲಾಟ್ ಹಿಡಿದೆವು. ಲಾರಿ ತೆಗೆದುಕೊಂಡು ಹೋಗುವ ಹೊತ್ತಿಗೆ ಎಂಟರಲ್ಲಿ ಎರಡು ಉಳಿದಿದ್ದವು, ಒಂದರ ದವಡೆ ಮುರಿದಿತ್ತು. ಕೇಳಿದರೆ ಕಾಗದ ತೋರಿಸಿದರು: "ಇದ್ದಲ್ಲಿ, ಇದ್ದಂತೆ". ವಿವರದಲ್ಲಿ ಬರೆದಿದ್ದದ್ದು "ಮಿಶ್ರ ಕಬ್ಬಿಣದ ಗುಜರಿ", ವೈಸ್ ಅನ್ನುವ ಪದವೇ ಇರಲಿಲ್ಲ. ಠೇವಣಿ, ಜಿಎಸ್‌ಟಿ, ಲಾರಿ, ಕೂಲಿ ಎಲ್ಲ ಕಳೆದು ನನ್ನ ಪಾಲಿಗೆ ಬಂದದ್ದು ಒಂದೂವರೆ ವೈಸ್. ತೂಕಕ್ಕೆ ಕೊಂಡು ತೂಕಕ್ಕೇ ಮಾರುವವರ ಆಟ ಅದು. ಬದಲಿಗೆ ಲಾಟ್ ಗೆದ್ದ ಗುಜರಿಯವನ ಜೊತೆ ಸ್ನೇಹ ಮಾಡಿ. ಅವನು ಕಿಲೋ ಲೆಕ್ಕದಲ್ಲಿ ಬೇರ್ಪಡಿಸುವ ದಿನ ಹೋಗಿ, ಬೇಕಾದ್ದನ್ನು ಎತ್ತಿಟ್ಟು, ಕಿಲೋ ದರಕ್ಕಿಂತ ನಾಲ್ಕು ಪಟ್ಟು ಕೊಟ್ಟರೂ ನಿಮಗೇ ಲಾಭ, ಅವನಿಗೂ ಖುಷಿ.

ಕೋಲಾರ ಅಂದಿರಿ, ಅದಕ್ಕೆ ಹೇಳುತ್ತೇನೆ. "ಚಿನ್ನದ ಗಣಿಯ ಸುತ್ತಿಗೆ" ಅಂತ ಮಾರುವವರು ಈಗ ಊರಿಗೊಬ್ಬರಿದ್ದಾರೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ, ಅಲ್ಲಿ ಇದ್ದಿರಬಹುದಾದ ಸುತ್ತಿಗೆಗಳಿಗಿಂತ ಜಾಸ್ತಿ ನಾನು ನೋಡಿದ್ದೇನೆ ಅನ್ನಿಸುತ್ತದೆ. ಛಾಪು ಇಲ್ಲದಿದ್ದರೆ ಕತೆಗೆ ದುಡ್ಡು ಕೊಡಬೇಡಿ.

ತುಕ್ಕು ತೆಗೆಯುವುದು ಹೇಗೆ? ನಮ್ಮಲ್ಲಿ ಮಳೆಗಾಲದಲ್ಲಿ ರಾತ್ರಿ ಇಟ್ಟದ್ದು ಬೆಳಗ್ಗೆ ಕೆಂಪಾಗಿರುತ್ತದೆ. (ಮಂಗಳೂರು)

ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಉಜ್ಜಬೇಡಿ. ಛಾಪು ಅಳಿಸಿಹೋಗುತ್ತದೆ, ಅದರ ಜೊತೆ ಬೆಲೆಯೂ. ಅಲಗು, ಉಳಿಯಂಥ ಬರೀ ಉಕ್ಕಿಗೆ ವಿದ್ಯುತ್ ಸ್ನಾನ ಒಳ್ಳೆಯದು: ಪ್ಲಾಸ್ಟಿಕ್ ಬಕೆಟ್, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಹಳೇ ಕಾರ್ ಬ್ಯಾಟರಿ ಚಾರ್ಜರ್. ಉಪಕರಣಕ್ಕೆ ಮೈನಸ್ ತಂತಿ, ಒಂದು ಗುಜರಿ ಕಬ್ಬಿಣದ ತುಂಡಿಗೆ ಪ್ಲಸ್. ಅದಲುಬದಲಾದರೆ ನಿಮ್ಮ ಉಳಿಯೇ ಕರಗುತ್ತದೆ. ಪ್ಲಸ್‌ಗೆ ಸ್ಟೀಲ್ ಚಮಚ ಕಟ್ಟಬೇಡಿ, ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹಾಗಾಗಿ ಹೊರಗೆ, ಗಾಳಿ ಆಡುವ ಕಡೆ ಮಾಡಿ, ಬೀಡಿ ದೂರ ಇರಲಿ. ಹತ್ತರಿಯ ಮೈಯನ್ನು ಮಾತ್ರ ಇದರಲ್ಲಿ ಮುಳುಗಿಸಬೇಡಿ, ಹಳೇ ಕಪ್ಪು ಬಣ್ಣ ಏಳುತ್ತದೆ. ಅದಕ್ಕೆ ಸೀಮೆಎಣ್ಣೆ, ಸಣ್ಣ ಸ್ಟೀಲ್ ಉಣ್ಣೆ, ತಾಳ್ಮೆ.

ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಹಿಡಿಗೆ ಅಗಸೆ ಎಣ್ಣೆ ಹಚ್ಚಿದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ತಮಾಷೆಯಲ್ಲ. ಹರವಿ ಒಣಗಿಸಿ.

ಕೊಂಡದ್ದನ್ನು ಮಾರಲು ಮನಸ್ಸೇ ಬರುತ್ತಿಲ್ಲ. ಹದಿನಾಲ್ಕು ಹತ್ತರಿ ಆಗಿವೆ, ಮೂರು 5ನೇ ನಂಬರಿನವೇ. ಮನೆಯಲ್ಲಿ ದಿನಾ ಜಗಳ. ಏನು ಮಾಡಲಿ? (ದಾವಣಗೆರೆ)

ನನ್ನ ಹತ್ತಿರ ಮೂವತ್ತೊಂದು ಇವೆ, ಹಾಗಾಗಿ ನಿಮ್ಮ ಮನೆಯವರ ಮುಂದೆ ನನ್ನ ಹೆಸರು ಹೇಳಬೇಡಿ. ಮೂರು 5ನೇ ನಂಬರಿನಲ್ಲಿ ಅಲಗು ಚೆನ್ನಾಗಿರುವ ಒಂದನ್ನು ಇಟ್ಟುಕೊಂಡು ಎರಡು ಮಾರಿ. ಮಾರುವ ಎರಡರಲ್ಲಿ ಯಾವುದಾದರೂ ಅಮೆರಿಕದ್ದಾಗಿದ್ದು, ಹಿಂದಿನ ಹಿಡಿ ಒಡೆಯದೆ ಇದ್ದರೆ ಮೊದಲು ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ. ನನ್ನ 5ನೇ ನಂಬರಿನ ಹಿಡಿ ಮೇಲ್ತುದಿಯಲ್ಲಿ ಮುರಿದು ಎರಡು ವರ್ಷ ಆಯಿತು.